ರಕ್ಷಣೆ

ಭಾನುವಾರದ ಪ್ರಸಂಗಕ್ಕೆ ನನಗೆ ಕೊಟ್ಟಿದ್ದ ಪದ: ರಕ್ಷಣೆ.
ಶನಿವಾರ ಸಂಜೆ ಅದೇ ಪದವನ್ನು
ಪೊಲೀಸ್ ಜೀಪು ಮೈಕಿನಲ್ಲಿ ಕೂಗಿಕೊಂಡು ಹೋಯಿತು:
ನಿಮ್ಮ ರಕ್ಷಣೆಗಾಗಿ, ಯಾರೂ ಮನೆಯಿಂದ ಹೊರಗೆ ಬರಬಾರದು.
ನನ್ನ ನೋಟುಬುಕ್ಕಿನಲ್ಲಿ ಆ ಹೊತ್ತಿಗೆ ಬರೆದದ್ದು ಇಷ್ಟೇ:
ರಕ್ಷಣೆ ಅಂದರೆ ಒಬ್ಬ ಹೊರಗೆ ಬಂದದ್ದು.

ಶಿಡ್ಲಘಟ್ಟದಲ್ಲಿ ನಮ್ಮದು ಹನ್ನೊಂದು ಮನೆಯ ಸಭೆ.
ಚರ್ಚಿನ ಮುಂಬಾಗಿಲು ಹುಳ ಸಾಕುವವರ ಬೀದಿಗೆ,
ಹಿಂಬಾಗಿಲು ನೂಲು ಬಿಚ್ಚುವವರ ಬೀದಿಗೆ.
ಗೂಡಿನ ತೂಕದಲ್ಲಿ ಶುರುವಾದ ಮಾತು
ತಾಯಂದಿರ ಹೆಸರಿಗೆ ಇಳಿದು, ದೇವರ ಹೆಸರಿಗೆ ಏರಿ,
ಮಧ್ಯಾಹ್ನಕ್ಕೆ ಕಲ್ಲಾಗಿತ್ತು.

ರಾತ್ರಿ ಹತ್ತಕ್ಕೆ ಮುಂಬಾಗಿಲು ಬಡಿದವಳು ಆಂಜಿನಮ್ಮ.
"ಹುಳ ಹಣ್ಣಾಗೋಗದೆ ಟೀಚರಮ್ಮ.
ಚಂದ್ರಿಕೆ ಇರಾದು ಪ್ಯಾರೇಜಾನ್ ತಾವ,
ಬಾಡಿಗೆ ಮೊನ್ನೇನೇ ಕೊಟ್ಟಿವ್ನಿ.
ಫೋನ್ ಮಾಡವ್ನೆ, ನಿಮ್ಮ ಹಿಂಬಾಗಿಲಾಗೆ ನಿಂತವ್ನಂತೆ."
ಹಣ್ಣಾದ ಹುಳ ಕರ್ಫ್ಯೂ ಕೇಳುವುದಿಲ್ಲ.
ಎಳೆ ಬಾಯಿಗೆ ಬಂದ ಮೇಲೆ
ಚಂದ್ರಿಕೆ ಸಿಕ್ಕರೆ ಗೂಡು. ಸಿಗದಿದ್ದರೆ
ತಟ್ಟೆಯ ತುಂಬ ಸಿಕ್ಕು ನೂಲು,
ಇಪ್ಪತ್ತೈದು ದಿನದ ಸೊಪ್ಪು, ನಿದ್ದೆ, ಎಲ್ಲ ತಿಪ್ಪೆಗೆ.

ಸಭೆಯ ಹಿರಿಯರು ಸಮಾಧಾನಪ್ಪನವರಿಗೆ ಫೋನು ಮಾಡಿದೆ.
ಹೆಸರಿಗೆ ತಕ್ಕಂತೆ ಅವರು ಎಂದೂ ಮಾತಾಡಿದವರಲ್ಲ:
"ಬಾಗಿಲು ತೆಗೀಬೇಡ. ಹೋದ ವರ್ಷ ನಮ್ಮ ಬೋರ್ಡು ಕಿತ್ತಾಗ
ಈ ಬೀದಿಯಿಂದ ಯಾರು ಬಂದರು? ಆ ಬೀದಿಯಿಂದ ಯಾರು?
ನಾಳೆ ಪ್ರಸಂಗದಲ್ಲೂ ಅಷ್ಟೇ,
ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡು, ಸಾಕು."

ಅವರ ಭಯ ಸುಳ್ಳಲ್ಲ.
ಬೋರ್ಡಿನ ಮೊಳೆಯ ತೂತು ನಾಲ್ಕು ಇನ್ನೂ ಗೋಡೆಯಲ್ಲಿವೆ.
ಆದರೆ ಪೌಲನು ಎಫೆಸದವರಿಗೆ ಬರೆದ ಕಾಗದದಲ್ಲಿ
ಅಡ್ಡಗೋಡೆ ಬಿದ್ದೇ ಹೋಗಿದೆಯಲ್ಲ.
ಇಲ್ಲದ ಗೋಡೆಯ ಮೇಲೆ ದೀಪ ಹೇಗಿಡಲಿ, ಹಿರಿಯರೇ?
ಕೈಯಲ್ಲೇ ಹಿಡಿಯಬೇಕು. ಹಿಡಿದವರ ಮುಖ ಕಾಣುತ್ತದೆ,
ಅದೇ ಕಷ್ಟ.

ಎರಡೂ ಬಾಗಿಲು ತೆಗೆದೆ.
ಧೈರ್ಯ ಅಂತ ಬರೆದುಕೊಳ್ಳಬೇಡಿ,
ಎರಡನೆಯ ಅಗುಳಿಯಲ್ಲಿ ಕೈ ನಡುಗಿ ಉಗುರು ಕಿತ್ತು ಬಂತು.
ಪ್ಯಾರೇಜಾನ್ ಚಪ್ಪಲಿ ಹೊರಗೆ ಬಿಟ್ಟ.
ಹಣೆಗೆ ಮಧ್ಯಾಹ್ನದ ಕಲ್ಲಿಗೆ ಕಟ್ಟಿದ ಬಟ್ಟೆ,
ತಲೆಯ ಮೇಲೆ ಚಾಪೆಯಗಲದ ಚಂದ್ರಿಕೆ.
ಬೆಂಚುಗಳ ನಡುವೆ ಹಿಡಿಸಲಿಲ್ಲ. ಬೆಂಚು ಸರಿಸಿದೆವು,
ಆಮೇಲೆ ಪ್ರಭುಭೋಜನದ ಮೇಜು.
ಅವಳು ಅವನನ್ನು ನೋಡಲಿಲ್ಲ, ಅವನು ಅವಳನ್ನು.
"ಮೂಲೆ ಮುರಿದಿದೆ, ಹುಷಾರು" ಅಂದ,
ಬಿದಿರಿಗೆ ಹೇಳಿದ ಹಾಗೆ.

ಇಪ್ಪತ್ತು ದಾಟಿಸುವಷ್ಟರಲ್ಲಿ ಜೀಪು ತಿರುಗಿ ಬಂತು.
ಉಳಿದ ಹತ್ತು ಒಳಗೇ ಉಳಿದವು,
ಹುಳವನ್ನೇ ಮಂಕರಿಯಲ್ಲಿ ತಂದಳು.
ನಾನೂ ಬಿಟ್ಟೆ, ಬೆರಳಿನಷ್ಟು ತಣ್ಣಗಿನ ಜೀವ ಒಂದೊಂದೇ.
ಟಾರ್ಚಿನ ಬೆಳಕಿನಲ್ಲಿ ನೋಡಿದೆ:
ತಲೆಯೆತ್ತಿ, ಎಂಟು ಬರೆದ ಹಾಗೆ ಆಡಿಸುತ್ತ
ತನ್ನ ಸುತ್ತ ತಾನೇ ಗೋಡೆ ಕಟ್ಟಿಕೊಳ್ಳುತ್ತಿತ್ತು.
ಅದೂ ಇದನ್ನು ರಕ್ಷಣೆಯೆಂದೇ ತಿಳಿದಿರಬೇಕು.
ವಾರ ತುಂಬುವುದರೊಳಗೆ ಬಿಸಿನೀರು.
ಪ್ರಸಂಗದಲ್ಲಿ ಇದನ್ನೆಲ್ಲಿ ಸೇರಿಸುವುದು ತಿಳಿಯಲಿಲ್ಲ.
ಬಿಟ್ಟೆ. ಈಗಲೂ ತಿಳಿದಿಲ್ಲ.

ಆರಾಧನೆಗೆ ಬಂದವರು ಕಾಂಪೌಂಡಿನೊಳಗಿನ ನಾಲ್ವರು.
ಐದನೆಯವರು ಸಮಾಧಾನಪ್ಪ,
ಪೊಲೀಸರಿಗೆ ಹಾಲಿಗೆಂದು ಹೇಳಿ, ಕೈಯಲ್ಲಿ ಖಾಲಿ ಪಾತ್ರೆ.
ಬಾಗಿಲಲ್ಲೇ ನಿಂತರು. ಸರಿಸಿದ ಮೇಜು ನೋಡಿದರು,
ನೆಲದ ಹಿಕ್ಕೆ, ಚಂದ್ರಿಕೆಯ ಮೇಲಿನ ಬಿಳಿ ಮಂಜು.
ಅವರ ತಾಯಿಯೂ ಹುಳ ಸಾಕಿದವಳೇ.
ಕೀರ್ತನೆಗೆ ನಾನು ಬಾಯಿ ತೆರೆದಾಗ,
"ಮೆಲ್ಲಗೆ" ಅಂದರು, "ಕಟ್ಟುತ್ತಾ ಇವೆ."

ಹಿಂಬಾಗಿಲು ಹಾಕಲೇ ಎಂದು ಕೇಳಿದೆ.
ಪಾತ್ರೆಯನ್ನು ಬೆಂಚಿನ ಕೆಳಗೆ ತಳ್ಳುತ್ತ,
ನನ್ನ ಕಡೆ ನೋಡದೆ, ಇನ್ನೂ ಸಿಟ್ಟಿನಲ್ಲೇ:
"ಗಾಳಿ ಬೇಡವೇನಮ್ಮ, ಹುಳಕ್ಕೆ?"